ಇನ್ನೂ ಹಸಿಯಿದೆ

ನಾದಿನಿ ಬೀರುವಿನ ಮೇಲಿದ್ದ ತಗಡಿನ ಡಬ್ಬಕ್ಕೆ ಕೈ ಹಾಕಿದ್ದೇ ತಡ, ಅತ್ತಿಗೆ ನೆಲದ ಮೇಲೆ ಕುಳಿತಿದ್ದ ಹೆಂಗಸರನ್ನು ದಾಟಿಕೊಂಡು ಬಂದು ಅದನ್ನು ಕಿತ್ತುಕೊಂಡಳು. ಹಜಾರದಲ್ಲಿ ಅವಳ ಗಂಡನ ಹೆಣವಿತ್ತು. ಅಳುತ್ತಿದ್ದವರು ಅಳು ನಿಲ್ಲಿಸಿ ಇತ್ತ ನೋಡಿದರು.

"ಯಾಕತ್ತಿಗೆ? ಹುಡುಗನ ಗಾಯಕ್ಕೆ ಪಟ್ಟಿ ಬದಲಾಯಿಸಬೇಡ್ವಾ? ನಿನ್ನೆಯಿಂದ ಹಾಗೇ ಇದೆ," ಎಂದಳು ನಾದಿನಿ.

"ಸಂಜೆ ಬದಲಾಯಿಸೋದು. ಯಾವಾಗ್ಲೂ ಸಂಜೆನೇ."

"ಸರಿ, ಸಂಜೆ ನಾನೇ ಮಾಡ್ತೀನಿ. ವೃದ್ಧಾಶ್ರಮದಲ್ಲಿ ದಿನಾ ಇದೇ ಕೆಲಸ ನನಗೆ. ನಿಮಗೆ ಅಭ್ಯಾಸ ಇಲ್ವಲ್ಲ."

ಅಣ್ಣನನ್ನು ಕಳೆದುಕೊಂಡವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಆದರೂ ಅತ್ತಿಗೆ ಡಬ್ಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅಭ್ಯಾಸ ಇಲ್ಲವಂತೆ. ಹೆತ್ತ ಮಗನ ಮೈ ಮುಟ್ಟುವುದಕ್ಕೆ ಅಭ್ಯಾಸ ಬೇಕಂತೆ.

ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡೇ ಅವಳು ಗಂಡನ ತಲೆಯ ಬಳಿ ಹೋಗಿ ಕುಳಿತಳು. ಅಲ್ಲೇ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಮಗನಿದ್ದ. ಹುಟ್ಟಿನಿಂದಲೂ ಅವನಿಗೆ ಸೊಂಟದ ಕೆಳಗೆ ಸ್ಪರ್ಶ ತಿಳಿಯುವುದಿಲ್ಲ. ಹನ್ನೊಂದು ವರ್ಷದ ಅವನು ಬೆಳಗಿನಿಂದ ಅಳಲೂ ಇಲ್ಲ, ಅಮ್ಮನ ಕಡೆ ತಿರುಗಲೂ ಇಲ್ಲ. ಈಗ ಮಾತ್ರ ಡಬ್ಬದ ಮೇಲಿಂದ ಕಣ್ಣು ತೆಗೆಯದೆ ನೋಡುತ್ತಿದ್ದ.

ಸತ್ತವನನ್ನು ಪೇಟೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಗಾದಿಯಣ್ಣ ಎಂದು. ಹಳೆಯ ಸೋಫಾ, ಕುರ್ಚಿ, ಬಸ್ಸಿನ ಸೀಟು, ಏನು ತಂದರೂ ಮೇಲಿನ ಬಟ್ಟೆ ಕಿತ್ತು, ಒಳಗಿನ ಸ್ಪ್ರಿಂಗು, ಸ್ಪಂಜು ಬದಲಿಸಿ, ಹೊಸದಾಗಿ ಹೊಲಿದುಕೊಡುವುದು ಅವನ ಕಸುಬು. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ, ಅರ್ಧ ಹೊಲಿದ ಕುರ್ಚಿಯೊಂದರಲ್ಲಿ ಹೊಲಿಗೆ ಸರಿಯಾಗಿದೆಯೇ ಎಂದು ಕುಳಿತು ನೋಡಿದವನು ಮತ್ತೆ ಏಳಲಿಲ್ಲ.

"ಮನುಷ್ಯನ ಮುಖ ನೋಡಿ ಮಾತಾಡಿದೋನಲ್ಲ ಇವನು, ಕೂರೋ ಜಾಗ ನೋಡಿ ಮಾತಾಡೋನು," ಎಂದ ಪಕ್ಕದಂಗಡಿಯ ಬಡಗಿ, ಕಣ್ಣೊರೆಸಿಕೊಳ್ಳುತ್ತ.

"ನನ್ನ ಬಸ್ಸಿನ ಸೀಟು ಹೊಲಿಯೋಕೆ ಬಂದಾಗ ನನ್ನ ಸುತ್ತ ಒಂದು ಸುತ್ತು ಬಂದ," ಎಂದ ಡ್ರೈವರ್. "'ಎಲ್ಲಾ ಭಾರ ಎಡಗಡೆಗೇ ಹಾಕ್ತೀರಲ್ಲ, ಮನೇಲಿ ಜಗಳಾನಾ?' ಅಂದ. ಇತ್ತು ಕಣಯ್ಯಾ, ಜಗಳ ಇತ್ತು!"

ಸಾವಿನ ಮನೆಯೆಂಬುದನ್ನು ಮರೆತು ಇಬ್ಬರು ನಕ್ಕರು, ಒಬ್ಬರು ಕೆಮ್ಮಿದರು.

"ಎಷ್ಟೇ ಕೆಲಸ ಇರಲಿ, ಹೊತ್ತು ಇಳಿದ್ರೆ ಸೂಜಿ ಕೆಳಗಿಟ್ಟು ಏಳೋನು," ಎಂದ ಬಡಗಿ. "'ನನ್ನ ದೊರೆ ಕಾಯ್ತಿರ್ತಾನಪ್ಪಾ' ಅನ್ನೋನು. ದಿನಾ ಅದೊಂದೇ ಮಾತು."

ದೊರೆ ಎಂದರೆ ಮಗ. ಬಂದವರ ಬಾಯಲ್ಲೆಲ್ಲ ಅದೇ ಕತೆ: ಗಾದಿಯಣ್ಣ ಮತ್ತು ಅವನ ದೊರೆ. ಅವಳೂ ದಿನಾ ಸಂಜೆ ಕಾಯುತ್ತಿದ್ದಳು. ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಓಡೋಡಿ ಬಂದು ಹಾಲು ಕಾಯಿಸಿಟ್ಟು ಕಾಯುತ್ತಿದ್ದಳು. ಅದನ್ನು ಅವನು ಪೇಟೆಯಲ್ಲಿ ಯಾರಿಗೂ ಹೇಳಿದಂತಿರಲಿಲ್ಲ.

*

ಒಂದೂವರೆ ವರ್ಷದ ಹಿಂದೆ ಆ ಗಾಯ ಶುರುವಾದದ್ದು ಒಂದು ಕೆಂಪು ಕಲೆಯಾಗಿ. ಹುಡುಗ ಕೂರುವಾಗ ಮೂಳೆ ಒತ್ತುವ ಜಾಗ. ಅವನಿಗೆ ನೋವು ಗೊತ್ತಾಗುವುದಿಲ್ಲ, ಆದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಹೆಬ್ಬೆರಳು ಇಳಿಯುವಷ್ಟು ಆಳವಾಗಿತ್ತು. ಆಸ್ಪತ್ರೆಯಿಂದ ಸಿಸ್ಟರೊಬ್ಬರು ಮನೆಗೆ ಬಂದು ಪಟ್ಟಿ ಕಟ್ಟುವುದನ್ನು ಹೇಳಿಕೊಟ್ಟರು. ಗಂಡ ಕುರ್ಚಿಗೊಂದು ಗಾದಿ ಹೊಲಿದ. ಗಾಯವಿದ್ದ ಕಡೆ ಸ್ಪಂಜನ್ನು ಬಟ್ಟಲಿನಂತೆ ಕೊರೆದು, ಅಲ್ಲಿ ಏನೂ ತಾಗದ ಹಾಗೆ ಮಾಡಿದ. ಮೊದಮೊದಲು ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ಪಟ್ಟಿ ಬದಲಿಸುತ್ತಿದ್ದರು.

ಎಷ್ಟು ದಿನವಾದರೂ ಅದು ಹಸಿಹಸಿಯಾಗಿಯೇ ಇರುವುದನ್ನು ನೋಡಲಾರದೆ ಅವಳು ಒಂದು ಸಂಜೆ ಗಾಯಕ್ಕೆ ಪುಡಿ ಉದುರಿಸಿದಳು. ಒಣಗಿದರೆ ತಾನೇ ವಾಸಿಯಾಗುವುದು ಎಂದುಕೊಂಡಳು. ಮಾರನೆಯ ದಿನ ಒಣಗಿ ಅಂಟಿಕೊಂಡಿದ್ದ ಬಟ್ಟೆಯನ್ನು ಎಳೆದಾಗ, ಆಗಷ್ಟೇ ಬರುತ್ತಿದ್ದ ಹೊಸ ಚರ್ಮವೂ ಜೊತೆಗೆ ಕಿತ್ತುಬಂತು. ಹುಡುಗ ಏನೂ ಅರಿಯದೆ ನಗುನಗುತ್ತ ಶಾಲೆಯ ಸುದ್ದಿ ಹೇಳುತ್ತಲೇ ಇದ್ದ. ರಕ್ತ ನೋಡಿ ಚೀರಿದವಳು ಅವಳು.

"ಗಾಯಾನ ಒಣಗಿಸಬಾರದಮ್ಮ, ತೇವ ಇರಬೇಕು. ಪಟ್ಟಿ ತೆಗೆಯೋ ಮುಂಚೆ ನೆನೆಸಬೇಕು," ಎಂದು ಸಿಸ್ಟರ್ ಗದರಿದರು. "ಇನ್ನು ಒಬ್ಬರದೇ ಕೈ ಇರಲಿ. ಯಜಮಾನರು ಮಾಡಲಿ."

ಅಂದಿನಿಂದ ಸ್ನಾನ ಮಾಡಿಸುವುದರಿಂದ ಹಿಡಿದು ಪಟ್ಟಿ ಕಟ್ಟುವವರೆಗೆ ಎಲ್ಲ ಅವನದೇ. ಸಂಜೆಯಾದರೆ ಕೋಣೆಯ ಚಿಲಕ ಬೀಳುತ್ತಿತ್ತು. ಬಟ್ಟೆ ಅಂಗಡಿಯಲ್ಲಿ ಎಂಥ ನುಣುಪು ಬಟ್ಟೆಯನ್ನೂ ಒಂದು ಗೆರೆ ಬೀಳದಂತೆ ಮಡಚುತ್ತಾಳೆಂದು ಅವಳ ಕೈಗೆ ಹೆಸರಿತ್ತು. ಆ ಕೈ ಬಾಗಿಲ ಹೊರಗೆ ಹಾಲಿನ ಲೋಟ ಹಿಡಿದು ನಿಲ್ಲುತ್ತಿತ್ತು.

ಒಳಗಿನಿಂದ ಮೊದಲು ಗಂಡನ ದನಿ ಬರುತ್ತಿತ್ತು. "ಕೈ ತೊಳೆದೆ. ಈಗ ಪಟ್ಟಿ ನೆನೆಸ್ತೀನಿ. ನೆನೀಲಿ, ಅವಸರ ಬೇಡ. ಈಗ ಅಂಚಿಂದ ಬಿಡಿಸ್ತೀನಿ." ಮಗನಿಗೆ ತಿಳಿಯಲೆಂದು ಅವನು ಮಾಡುವುದನ್ನೆಲ್ಲ ಬಾಯಲ್ಲಿ ಹೇಳುತ್ತಿದ್ದ. ಆಮೇಲೆ ಗುಸುಗುಸು. ಆಮೇಲೆ ಇಬ್ಬರ ನಗು, ಹೊಟ್ಟೆ ಹಿಡಿದುಕೊಂಡು ನಗುವ ನಗು. ಅವಳು ಬಾಗಿಲು ತಟ್ಟಿದರೆ ನಗು ಗಕ್ಕನೆ ನಿಲ್ಲುತ್ತಿತ್ತು.

"ಆಯ್ತಾ? ನಾನು ಬರಲಾ?"

"ಇನ್ನೂ ಹಸಿಯಿದೆ. ನೀನು ಬರಬೇಡ."

ದಿನಾ ಅದೇ ಉತ್ತರ. ಒಮ್ಮೆ ದಾರಿಯಲ್ಲಿ ಸಿಕ್ಕ ಸಿಸ್ಟರನ್ನು ತಾನೂ ಪಟ್ಟಿ ಕಟ್ಟಬಹುದೇ ಎಂದು ಕೇಳಿದಾಗ, "ಈಗ ಕಲ್ತುಕೊಳ್ಳಿ, ಅದರಲ್ಲೇನು?" ಎಂದಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. "ಹೇಳಿಕೊಡ್ತೀನಿ, ಅವಸರ ಏನು?" ಎಂದು ಗಂಡ ದಿನ ದೂಡಿದ. ಮುಂದೆ, ತಾನೇ ನೋಡಿಕೊಳ್ಳುತ್ತೇನೆಂದು ಹೇಳಿ ಸಿಸ್ಟರ್ ಬರುವುದನ್ನೂ ನಿಲ್ಲಿಸಿದ. ಅವಳಿಗೆ ಗಂಡನ ಮೇಲೆ ಹೊಟ್ಟೆಕಿಚ್ಚು, ಅಪ್ಪನನ್ನೇ ಹಚ್ಚಿಕೊಂಡ ಮಗನ ಮೇಲೆ ಹೊಟ್ಟೆಕಿಚ್ಚು. ಕೊನೆಕೊನೆಗೆ ಇಬ್ಬರನ್ನೂ ತನ್ನ ಬಳಿಯೇ ಇಟ್ಟುಕೊಂಡ ಆ ಗಾಯದ ಮೇಲೂ ಹೊಟ್ಟೆಕಿಚ್ಚು. ಇಂಥದ್ದನ್ನು ಯಾರ ಹತ್ತಿರ ಹೇಳುವುದು? ಕೇಳಿದವರು ಥೂ ಎನ್ನುತ್ತಾರೆ.

*

ಮಣ್ಣು ಮಾಡಿ ಎಲ್ಲರೂ ಮರಳುವಾಗ ಹೊತ್ತು ಇಳಿದಿತ್ತು. ಬಂದವರೆಲ್ಲ ಹೋಗಿ ಮನೆಯಲ್ಲಿ ಮೂವರೇ ಉಳಿದರು. ನಾದಿನಿ ಕೈ ತೊಳೆದುಕೊಂಡು ಬಂದು, "ಬಾ ದೊರೆ, ನಾನು ಪಟ್ಟಿ ಹಾಕ್ತೀನಿ," ಎಂದಳು.

"ಬೇಡ. ನೀನೂ ಬೇಡ ಅತ್ತೆ, ಅಮ್ಮಾನೂ ಬೇಡ. ಪಟ್ಟಿನೇ ಬೇಡ!" ಹುಡುಗ ಚಕ್ರಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಪ್ಪನ ಕೈಯೇ ಬೇಕು ಅಂತಾನೆ ಪಾಪ," ಎಂದು ನಾದಿನಿ ಮತ್ತೆ ಅಳತೊಡಗಿದಳು.

ಅತ್ತಿಗೆ ಅಳಲಿಲ್ಲ. ಕುರ್ಚಿಯನ್ನು ಕೋಣೆಯೊಳಗೆ ತಳ್ಳಿಕೊಂಡು ಹೋಗಿ, ಚಿಲಕ ಹಾಕಿ, ಮಗನನ್ನು ಎತ್ತಿ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿಸಿದಳು. ಅವನು ಗೋಡೆಯ ಕಡೆ ಮುಖ ಮಾಡಿದ. ಅವಳು ಮೂಲೆಯ ಬಕೆಟ್ಟಿನಲ್ಲಿ ಕೈ ತೊಳೆದು, ಡಬ್ಬ ತೆರೆದಳು. ಮತ್ತೆ ಚರ್ಮ ಕಿತ್ತು ಬಂದರೆ? ಈಗ ಹಿಂದೆ ನಿಂತು ಸರಿಮಾಡುವವನು ಯಾರು?

"ಕೈ ತೊಳೆದೆ," ಎಂದಳು ಗಟ್ಟಿಯಾಗಿ. "ಈಗ ಪಟ್ಟಿ ನೆನೆಸ್ತೀನಿ. ನೆನೀಲಿ, ಅವಸರ ಬೇಡ. ಈಗ ಅಂಚಿಂದ ಬಿಡಿಸ್ತೀನಿ."

ಹುಡುಗ ಥಟ್ಟನೆ ತಿರುಗಿದ. "ನಿನಗೆ ಹೇಗೆ ಗೊತ್ತು?"

"ಬಾಗಿಲಿಗೆ ಕಿವಿ ಇರುತ್ತೆ ಕಣೋ."

ಪಟ್ಟಿ ಸಲೀಸಾಗಿ ಬಂತು. ಅವಳು ದೀಪವನ್ನು ಹತ್ತಿರ ಎಳೆದುಕೊಂಡಳು. ಅಲ್ಲಿ ಗಾಯವಿರಲಿಲ್ಲ. ಒಂದು ಸಣ್ಣ ಗುಳಿ, ಅದರ ತುಂಬ ತೆಳುವಾಗಿ ಹೊಳೆಯುವ ಬಿಳಿಚು ಚರ್ಮ. ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಒಣಗಿ, ಬಿಗಿಯಾಗಿ, ಗಟ್ಟಿಯಾಗಿತ್ತು.

"ಯಾವಾಗಿಂದ?"

"ಪರೀಕ್ಷೆಗೆ ಮುಂಚೆನೇ," ಎಂದ ಅವನು, ಮತ್ತೆ ಗೋಡೆಯ ಕಡೆ ತಿರುಗಿ.

ಪರೀಕ್ಷೆ ಮುಗಿದು, ರಜೆ ಮುಗಿದು, ಶಾಲೆ ಮತ್ತೆ ಶುರುವಾಗಿತ್ತು. ಅಷ್ಟೂ ಸಂಜೆ ಅವಳು ಆರಿಹೋಗುವ ಹಾಲು ಹಿಡಿದು ಹೊರಗೆ ನಿಂತಿದ್ದಳು. ಡಬ್ಬವನ್ನು ಗೋಡೆಗೆ ಎಸೆಯಬೇಕೆನ್ನಿಸಿತು. ಎಸೆದರೆ ಯಾರಿಗೆ ತಾಗಬೇಕೋ ಅವನು ಮಣ್ಣಿನಲ್ಲಿದ್ದ.

"ಮತ್ತೆ ದಿನಾ ಏನು ಮಾಡ್ತಿದ್ರಿ ಇಲ್ಲಿ? ನನಗೆ ಯಾಕೆ ಹೇಳಲಿಲ್ಲ?"

"ಅಪ್ಪ ಬೇಡ ಅಂದ." ಅವನ ದನಿ ಒಡೆಯಿತು. "'ನಿಮ್ಮಮ್ಮನಿಗೆ ನಿನ್ನ ಊಟ ಇದೆ, ಓದು ಇದೆ, ಹಟ ಇದೆ. ಎಲ್ಲಾ ಅವಳ ಪಾಲು. ನನಗೆ ಸಿಕ್ಕಿದ್ದು ಇದೊಂದೇ. ವಾಸಿಯಾಯ್ತು ಅಂದ್ರೆ ಇದನ್ನೂ ಅವಳೇ ತಗೊಂಡುಬಿಡ್ತಾಳೆ,' ಅಂದ."

ಅವಳು ಡಬ್ಬವನ್ನು ಹಾಸಿಗೆಯ ಮೇಲಿಟ್ಟು ಕುಳಿತಳು. ತನ್ನ ಮೇಲೂ ಹೊಟ್ಟೆಕಿಚ್ಚು ಪಡುವವನೊಬ್ಬ ಇದೇ ಮನೆಯಲ್ಲಿ, ಬಾಗಿಲ ಆಚೆ ಬದಿಗೆ ಇದ್ದನೆಂಬುದು ಅವಳ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಹೊಸ ಪಟ್ಟಿ ಹಾಕಿ, ಆಮೇಲೆ ಅಂಗಡಿಗೆ ಬಂದೋರು ಹೇಗೆ ಕೂರ್ತಾರೆ ಅಂತ ಮಾಡಿ ತೋರಿಸ್ತಿದ್ದ," ಎಂದ ಹುಡುಗ. "ಡ್ರೈವರ್ ಮಾಮ, ಮಾಸ್ತರು, ಎಲ್ಲರದೂ. ನಿಂದೂ."

"ನಾನು ಹೇಗೆ ಕೂರ್ತೀನಂತೆ?"

"ನೀನು ಕೂರೋದೇ ಇಲ್ವಂತೆ. ಯಾರೋ ಕರೆದ್ರು ಅನ್ನೋ ಹಾಗೆ ತುದೀಲಿ ಅಂಟ್ಕೊಂಡಿರ್ತೀಯಂತೆ. 'ನಿಮ್ಮಮ್ಮನಿಗೆ ಗಾದಿ ಹೊಲಿಯೋಕೆ ಮೂರು ಬೆರಳು ಬಟ್ಟೆ ಸಾಕು,' ಅಂದ."

ಅವಳು ಕೆಳಗೆ ನೋಡಿಕೊಂಡಳು. ಹಾಸಿಗೆಯ ತುದಿಯಲ್ಲಿ, ಒಂದು ಕಾಲು ಆಗಲೇ ಬಾಗಿಲ ಕಡೆಗಿಟ್ಟು ಕುಳಿತಿದ್ದಳು. ಬೆಳಗಿನಿಂದ ಬಾರದ ಅಳು ಬರುತ್ತದೆಂದುಕೊಂಡಳು. ಬಂದದ್ದು ನಗು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲದೆ ಅದು ಮಗನಿಗೂ ಹತ್ತಿತು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಆ ನೀರು ಬರುತ್ತಲೇ ಇತ್ತು.

ಹೊರಗೆ ನಾದಿನಿ ಬಾಗಿಲು ತಟ್ಟಿದಳು. "ಅತ್ತಿಗೆ? ಏನದು ಸದ್ದು? ಆಯ್ತಾ? ನಾನು ಬರಲಾ?"

ಅವಳು ಕಾಲನ್ನು ಮೇಲೆತ್ತಿ, ಹಾಸಿಗೆಯ ಮೇಲೆ ಹಿಂದಕ್ಕೆ ಸರಿದು, ಗೋಡೆಗೆ ಒರಗಿ ಪೂರ್ತಿಯಾಗಿ ಕುಳಿತಳು. ಡಬ್ಬದಿಂದ ಹೊಸ ಬಟ್ಟೆ ತೆಗೆದು, ಒಂದು ಗೆರೆಯೂ ಬೀಳದಂತೆ ನಾಲ್ಕು ಮಡಿಕೆ ಮಾಡಿ, ಆ ಬಿಳಿಚು ಚರ್ಮದ ಮೇಲಿಟ್ಟಳು.

"ಇನ್ನೂ ಹಸಿಯಿದೆ," ಎಂದಳು ಬಾಗಿಲಿನತ್ತ. "ನೀನು ಬರಬೇಡ."