ಕಲೆಯಿಲ್ಲದ ಸೇತುವೆ

ಹೆದ್ದಾರಿಯ ಸೇತುವೆಗಳಿಗೆ ಅಂಕ ಹಾಕುವುದು ಭಾವನ ಕೆಲಸ. ಅವುಗಳಲ್ಲೊಂದನ್ನು ನೋಡಿಕೊಳ್ಳುವುದು ಬಾಮೈದನ ಕೆಲಸ. ಈ ಸಲ ಅಂಕ ಕಡಿಮೆ ಬಿದ್ದರೆ ಬಾಮೈದ ಮನೆಗೆ. ಮನೆಗೆ ಎಂದರೆ ಭಾವನ ಮನೆಗೇ! ಹೆಂಡತಿ ಬೆಳಗ್ಗೆಯೇ ಎಚ್ಚರಿಸಿದ್ದಳು: "ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೆದ್ರೆ ನೋಡಿ ಮತ್ತೆ."

ಸೇತುವೆ ಥಳಥಳ ಹೊಳೆಯುತ್ತಿತ್ತು. ಭಾವ ಕೆಳಗಿಳಿದು ಸುತ್ತಿಗೆಯಿಂದ ತಟ್ಟಿದ. ಟಣ್ ಎನ್ನಬೇಕಾದದ್ದು ನೀರು ತುಂಬಿದ ಕೊಡದಂತೆ ಡಬ್ ಎಂದಿತು. ಸೇತುವೆಯ ಹೊಟ್ಟೆಗೆ ಇಳಿದ ಮಳೆನೀರು ಹೊರಹೋಗಲು ಬಿಟ್ಟ ಕಿಂಡಿಗಳಿಗೆಲ್ಲ ಯಾರೋ ಸಿಮೆಂಟು ಮೆತ್ತಿ ಬಣ್ಣ ಬಳಿದಿದ್ದರು.

"ಯಾವ ಕತ್ತೆ ಕೆಲಸ ಇದು?"

"ನಂದೇ ಭಾವ."

"ನೀರು ಎಲ್ಲಿಗೆ ಹೋಗ್ಬೇಕೋ? ಒಳಗೇ ನಿಂತು ಕಬ್ಬಿಣ ತಿಂತಾ ಇದೆ!"

"ಹೋದ ಸಲ ಗೋಡೆ ಮೇಲೆ ನೀರಿನ ಕಲೆ ಇದೆ ಅಂತ ಅಂಕ ಕಿತ್ಕೊಂಡೋರು ಯಾರು? ಈಗ ಒಂದು ಕಲೆ ತೋರ್ಸಿ ನೋಡೋಣ."

ಕಿತ್ತುಕೊಂಡವನು ಭಾವನೇ. ಕಲೆಗೆ ಅಂಕ ಕಳೆಯುವ ನಿಯಮ ಬರೆದವನೂ ಅವನೇ. ಅದಕ್ಕೆ ಮೇಲಿನವರಿಂದ ಶಹಭಾಸ್‌ಗಿರಿ ಬೇರೆ ಸಿಕ್ಕಿತ್ತು. ಕಿಂಡಿಗೆ ಅಂಕ ಇಡುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಸಿಟ್ಟು ನೆತ್ತಿಗೇರಿ ಭಾವ ಬಾಮೈದನ ಹಾರೆ ಕೈಗೆತ್ತಿಕೊಂಡು ಒಂದು ಕಿಂಡಿಯ ಸಿಮೆಂಟು ಕುಟ್ಟಿದ. ಒಳಗಿದ್ದ ನೀರು ತುಕ್ಕಿನ ಸಮೇತ ಸುರಿದು ಅವನ ಅಂಗಿ, ಹೊಸ ಬಣ್ಣ ಎರಡನ್ನೂ ಕೆಂಪು ಮಾಡಿತು.

"ಹಿಡಿ, ಉಳಿದದ್ದನ್ನ ನೀನು ಕುಟ್ಟು."

"ಕುಟ್ಟಿದ್ರೆ ಕೆಲಸ ಹೋಗುತ್ತೆ ಭಾವ."

"ಕುಟ್ಟದಿದ್ರೆ ಸೇತುವೆನೇ ಹೋಗುತ್ತೆ. ಅಂಕ ಕೊಡೋನು ನಾನು, ಕುಟ್ಟೋ!"

ಬಾಮೈದ ಕುಟ್ಟಿದ. ಭಾವ ಧಾರಾಳವಾಗಿಯೇ ಅಂಕ ಕೊಟ್ಟ. ಮರುದಿನ ದೊಡ್ಡ ಸಾಹೇಬರು ಬಂದರು. ಕಾರಿನಿಂದ ಇಳಿಯಲಿಲ್ಲ, ಗಾಜು ಮಾತ್ರ ಇಳಿಸಿದರು.

"ಥೂ, ಏನ್ರೀ ಇಷ್ಟು ಕಲೆ! ನಿಯಮ ನಿಮ್ಮದೇ ಅಲ್ವಾ? ಬಾಮೈದ ಅಂತ ಬಿಟ್ಬಿಟ್ರಾ?"

"ಸಾರ್, ಕಲೆ ಬಂದ್ರೇನೇ ಒಳಗಿನ ನೀರು..."

ಗಾಜು ಮೇಲೇರಿತು.

ಬಾಮೈದ ಹಾಸಿಗೆ ಸುತ್ತಿಕೊಂಡು ಬಂದ. ಹೆಂಡತಿ ಗಂಡನ ಮುಂದೆ ತಟ್ಟೆ ಕುಕ್ಕಿದಳು.

"ಅಕ್ಕ, ಭಾವನ್ನ ಬೈಬೇಡ. ಸೇತುವೆ ಉಳೀತಲ್ಲ," ಎಂದ ಬಾಮೈದ. ಭಾವನಿಗೆ ಎದೆ ತುಂಬಿ ಬಂತು. ಬಾಮೈದ ಅನ್ನ ಕಲಸುತ್ತ ಮುಂದುವರಿಸಿದ: "ನನ್ನ ಜಾಗಕ್ಕೆ ಪಕ್ಕದ ಸೇತುವೆಯವನ್ನ ಹಾಕಿದ್ದಾರೆ. ಒಂದೇ ಒಂದು ಕಲೆ ಇರಲ್ಲ ಅವನ ಸೇತುವೇಲಿ. ನಾನು ಬರೋವಾಗ ಸಿಮೆಂಟ್ ಕಲಸ್ತಾ ಇದ್ದ."

ಭಾವ ತುತ್ತು ಬಿಟ್ಟು ಎದ್ದ. "ಹಾರೆ ಎಲ್ಲೋ?"

"ಅದು ಆಫೀಸಿಂದು ಭಾವ. ಒಪ್ಪಿಸ್ಬಿಟ್ಟೆ."