ಹಗ್ಗ ಹಿಡಿಯುವ ಬಗೆ

ಬಣ್ಣದ ಕಾರ್ಖಾನೆಯ ಹಿತ್ತಲಲ್ಲಿ ನೆಲದೊಳಗೆ ಕಟ್ಟಿದ ತೊಟ್ಟಿಗಳಿದ್ದವು. ಬಟ್ಟೆಗೆ ಬಣ್ಣ ಹಾಕಿ ಉಳಿದ ನೀರೆಲ್ಲ ಹರಿದು ಬಂದು ಅಲ್ಲಿ ತಂಗುತ್ತಿತ್ತು. ನೀರು ಮುಂದಕ್ಕೆ ಹೋಗುತ್ತಿತ್ತು, ಗಸಿ ತಳದಲ್ಲಿ ಉಳಿಯುತ್ತಿತ್ತು. ಮೇಲೆ ನಿಂತವರಿಗೆ ಕಾಣುವುದು ಒಂದು ದುಂಡನೆಯ ಬಾಯಿ, ಅದಕ್ಕೊಂದು ಕಬ್ಬಿಣದ ಮುಚ್ಚಳ, ಅಷ್ಟೆ. ಮುಚ್ಚಳ ಸರಿಸಿದರೆ ಒಳಗಿನ ಕತ್ತಲು ಯಾರದೋ ದಾರಿ ಕಾಯುತ್ತ ಕೂತಂತೆ ಇರುತ್ತಿತ್ತು. ಆಗಾಗ ಒಬ್ಬ ಮನುಷ್ಯ ಭುಜ ಕುಗ್ಗಿಸಿಕೊಂಡು ಅದರೊಳಗೆ ಇಳಿದು, ಗೋಡೆಗೆ ಅಂಟಿದ ಗಸಿಯನ್ನು ಕೆರೆದು ಬೀಳಿಸಲೇಬೇಕು. ಆಮೇಲಿನದು ಪಂಪಿನ ಕೆಲಸ.

ಇಳಿಯುವ ತಂಡಗಳು ಎರಡು. ಒಂದು ಮೇಸ್ತ್ರಿಯವರದು. ಅವರ ಕಡೆಯವರೆಲ್ಲ ಬಾವಿ ತೋಡುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು. ಇನ್ನೊಂದು ತಂಡ ದೂರದ ಗುಡ್ಡನಾಡಿನಿಂದ ಬಂದದ್ದು. ಅವರ ಅಜ್ಜಂದಿರು ಸುರಂಗ ಕೊರೆದು ಅದಿರು ತೆಗೆಯುತ್ತಿದ್ದವರು. ದೇವರು ಬೇರೆ, ಮನೆಯ ಮಾತು ಬೇರೆ. ಮೇಸ್ತ್ರಿಯ ತಂಡ ಎಲ್ಲಿದ್ದರೂ ಸಂತೆ ನೆರೆದಂತೆ. ಗುಡ್ಡದವರು ಇದ್ದಾರೋ ಇಲ್ಲವೋ ಎಂದು ತಿರುಗಿ ನೋಡಬೇಕು. ಅವರಲ್ಲಿ ಹಿರಿಯನೊಬ್ಬನಿದ್ದ, ಮೇಸ್ತ್ರಿಯದೇ ವಯಸ್ಸು. ಅವನಿಗೆ ಮೇಸ್ತ್ರಿಯ ಕಡೆಯವರು ಇಟ್ಟ ಹೆಸರು ಮೌನಿ.

ಎರಡು ತಂಡಗಳಿಗೂ ಮೊದಲು ಆಗಿಬರುತ್ತಿರಲಿಲ್ಲ. ಕಾರ್ಖಾನೆಗೆ ಹೊಸದಾಗಿ ಬಂದ ಮ್ಯಾನೇಜರ್ ಮೇಡಂ ಅದನ್ನು ಕಂಡು ಒಂದು ಏರ್ಪಾಡು ಮಾಡಿದರು. ತೊಟ್ಟಿಗೆ ಇಳಿಯುವವನು ಒಂದು ತಂಡದವನಾದರೆ ಅವನ ಸೊಂಟದ ಹಗ್ಗ ಹಿಡಿಯುವವನು ಇನ್ನೊಂದು ತಂಡದವನಾಗಿರಬೇಕು. ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿದ್ದರೆ ಮನಸ್ಸು ತಾನಾಗಿ ಕೂಡುತ್ತದೆ ಎಂದು ಅವರ ನಂಬಿಕೆ. ಅದು ಸುಳ್ಳೂ ಆಗಲಿಲ್ಲ. ಕೆಲವೇ ವಾರಗಳಲ್ಲಿ ಎಲ್ಲರೂ ಒಂದೇ ನೆರಳಿನಲ್ಲಿ ಕೂತು ಚಹಾ ಕುಡಿಯತೊಡಗಿದರು. ಯಾರಿಗೆ ಎಷ್ಟು ಮಕ್ಕಳು, ಯಾರ ತಾಯಿಗೆ ಮಂಡಿನೋವು, ಯಾರ ದೇವರಿಗೆ ಯಾವ ಹೂವು ಎಂಬುದೆಲ್ಲ ಪರಸ್ಪರ ಗೊತ್ತಾಯಿತು. ನೀನು ಹಗ್ಗವನ್ನು ಹೇಗೆ ಹಿಡಿಯುತ್ತೀಯಪ್ಪಾ ಎಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ. ಹಗ್ಗ ಹಿಡಿಯುವುದರಲ್ಲಿ ಕೇಳುವಂಥದ್ದು ಏನಿದೆ ಎಂದು ಎರಡೂ ಕಡೆಯವರು ತಿಳಿದಿದ್ದರು.

ಮೇಸ್ತ್ರಿ ದೈವಭಕ್ತರು. ಮುಚ್ಚಳ ಸರಿಸುವ ಮುನ್ನ ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲದೆ ಅವರು ಯಾರನ್ನೂ ಇಳಿಸಿದವರಲ್ಲ. ಅವರು ದೇವರಲ್ಲಿ ತಮಗಾಗಿ ಬೇಡಿದ್ದು ಒಂದನ್ನೇ, ಅದೂ ಮಗಳ ವಿಷಯ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮನೆಗೆ ಬಂದವಳು, ಬಹಳ ಕಾಲ ಗೋಡೆ ನೋಡುತ್ತ ಕೂತಿದ್ದಳು. ತಮ್ಮ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಹರಟುವ ಹುಡುಗನನ್ನು ಮೇಸ್ತ್ರಿ ಒಂದು ದಿನ ಊಟಕ್ಕೆ ಕರೆತಂದರು. ಅವನ ಮಾತಿಗೆ ಮಗಳು ನಕ್ಕಳು. ಆ ನಗು ಕೇಳಿ ಅಡುಗೆಮನೆಯಲ್ಲಿದ್ದ ಮೇಸ್ತ್ರಿಯ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಾಗೆ ಅವನು ಅಳಿಯನಾದ. ತಂಡದಲ್ಲಿ ಅವನನ್ನು ಕರೆಯುತ್ತಿದ್ದದ್ದು ರೇಡಿಯೋ ಎಂದು.

"ಇವರ ಬಾಯಿ ಒಂದು ಗಳಿಗೆ ನಿಂತ್ರೆ ನನಗೆ ಎದೆ ಹೊಡ್ಕೊಳ್ಳುತ್ತೆ ಅಪ್ಪಾ," ಎಂದು ಮಗಳು ಒಮ್ಮೆ ಹೇಳಿದ್ದಳು. ಅವಳ ಮೊದಲ ಗಂಡ ಜ್ವರದಲ್ಲಿ ಮಾತು ನಿಂತು ಹೋದವನು.

ಮೇಸ್ತ್ರಿಯ ಜನಕ್ಕೆ ಮಾತೇ ಹಗ್ಗ. ಬಾವಿಯ ತಳದಲ್ಲಿರುವವನು ಹಾಡುತ್ತಲೋ ಬೈಯುತ್ತಲೋ ಇರಬೇಕು. ಮೇಲಿನವನು ಅದಕ್ಕೆ ಉತ್ತರ ಕೊಡುತ್ತಿರಬೇಕು. ದನಿ ನಿಂತರೆ ಎಳೆಯಬೇಕು. ಸೊಂಟದ ಹಗ್ಗ ಸಡಿಲವಾಗಿ ಬಿದ್ದಿರುತ್ತದೆ, ಕೆಲಸಕ್ಕೆ ಅಡ್ಡಿಯಾಗಬಾರದಲ್ಲ. ಹೀಗಾಗಿ ಗುಡ್ಡದವನೊಬ್ಬ ಇಳಿದು ಮೇಸ್ತ್ರಿ ಹಗ್ಗ ಹಿಡಿದ ಮೊದಲ ದಿನವೇ ಅವರಿಗೆ ಬೆವರಿಳಿಯಿತು. ಒಳಗಿನಿಂದ ಉಸಿರಿನ ಸದ್ದೂ ಇಲ್ಲ.

"ಏನಪ್ಪಾ, ಇದ್ದೀಯಾ?" ಎಂದು ಕೂಗಿದರು. ಉತ್ತರವಿಲ್ಲ. ಗಾಬರಿಯಿಂದ ಎಳೆದೇ ಬಿಟ್ಟರು. ಅವನು ಮೇಲೆ ಬಂದು, ಕೈಯಲ್ಲಿದ್ದ ಸಲಾಕೆಯನ್ನು ನೋಡಿ, ಮೇಸ್ತ್ರಿಯ ಮುಖ ನೋಡಿ, ಮತ್ತೆ ಇಳಿದ. ಮತ್ತೆ ಎಳೆದರು. ಸಂಜೆಯವರೆಗೂ ಅದೇ ಆಟ.

ಇನ್ನೊಂದು ದಿನ ಅಳಿಯ ಇಳಿದ. ಹಗ್ಗ ಮೌನಿಯ ಕೈಯಲ್ಲಿ. ಮೌನಿ ಅದನ್ನು ತಂತಿಯಂತೆ ಬಿಗಿಯಾಗಿ ಹಿಡಿದು, ಆಗಾಗ ತೋರುಬೆರಳಿನಿಂದ ಮೆಲ್ಲನೆ ಒತ್ತುತ್ತಿದ್ದ. ಅಳಿಯ ಮೇಲೆ ಬಂದವನೇ ಮಾವನ ಹತ್ತಿರ ದೂರಿದ.

"ಮಾವಾ, ನನ್ನನ್ನ ಕರು ಅನ್ಕೊಂಡಿದಾನೆ ಈ ಮನುಷ್ಯ. ಒಂದು ಹೆಜ್ಜೆ ಆಚೆ ಇಟ್ರೆ ಜಗ್ತಾನೆ. ಹಾಲು ಕುಡಿಯೋಕೆ ಓಡಿಹೋಗ್ತೀನಾ ನಾನು?"

"ಹೊಸಬ ಕಣೋ, ಹೊಂದ್ಕೋ. ಎದುರಿಗೆ ಏನೂ ಅನ್ನಬೇಡ, ಬೇಜಾರು ಮಾಡ್ಕೊಂಡಾನು."

ಅದೇ ಸಂಜೆ ಮೌನಿಯೂ ಮೇಸ್ತ್ರಿಯ ಬಳಿ ಬಂದ. ಅವನಿಗೆ ಇವರ ಮಾತು ಬರುತ್ತಿತ್ತು, ಆದರೆ ಬಳಸುತ್ತಿದ್ದದ್ದು ಕಡಿಮೆ.

"ಮೇಸ್ತ್ರಿ, ನಿಮ್ಮ ಹುಡುಗ ಒಳಗೆ ತುಂಬ ಮಾತಾಡ್ತಾನೆ," ಎಂದ. "ನನಗೆ ಭಯ ಆಗುತ್ತೆ."

ಮೇಸ್ತ್ರಿ ನಕ್ಕುಬಿಟ್ಟರು. "ಹೊರಗೂ ಅಷ್ಟೇ ಕಣಪ್ಪ. ನಮ್ಮ ಮನೇಲಿ ಕಾಗೆ ಕೂಡ ಇವನ ಬಾಯಿಗೆ ಹೆದರಿ ಬೇರೆ ಮರ ನೋಡ್ಕೊಂಡಿದೆ."

ಮೌನಿಯೂ ನಕ್ಕ. ಎದುರಿನವರು ನಕ್ಕಾಗ ನಗದಿರುವುದು ಸರಿಯಲ್ಲವೆಂದು ನಕ್ಕಿರಬೇಕು. ಏಕೆ ಭಯ ಎಂದು ಮೇಸ್ತ್ರಿ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ನೋಯುತ್ತದೋ ಎಂಬ ಸಂಕೋಚ. ಅವನು ತಾನಾಗಿ ಹೇಳಲೂ ಇಲ್ಲ. ಅವನದೂ ಅದೇ ಸಂಕೋಚ. ಮೇಡಂ ದೂರದಿಂದ ಇಬ್ಬರೂ ನಗುವುದನ್ನು ಕಂಡು ಸಮಾಧಾನಪಟ್ಟರು.

ದೊಡ್ಡ ತೊಟ್ಟಿಯ ಸರದಿ ಬಂದದ್ದು ಗಾಳಿಯೇ ಆಡದ ಒಂದು ಬೆಳಿಗ್ಗೆ. ಅದನ್ನು ತೆರೆದು ಬಹಳ ಕಾಲವಾಗಿತ್ತು. ಮುಚ್ಚಳ ಸರಿಸಿದಾಗ ಎದ್ದ ವಾಸನೆಗೆ ಬಟ್ಟೆ ಒಣಗಿಸುವ ತಂತಿಯ ಮೇಲಿದ್ದ ಹಕ್ಕಿಗಳು ಎದ್ದು ಹೋದವು. ಆಮೇಲೆ ವಾಸನೆ ತಗ್ಗಿತು. ಮೇಸ್ತ್ರಿ ಎಂದಿನಂತೆ ಕಣ್ಣು ಮುಚ್ಚಿ ನಿಂತರು. ಆ ದಿನ ಯಾಕೋ ಪ್ರಾರ್ಥನೆಯ ಪದಗಳು ನಾಲಿಗೆಗೆ ಅಂಟಿಕೊಂಡವು. ಮತ್ತೆ ಮೊದಲಿನಿಂದ ಹೇಳಿಕೊಂಡರು. ಬ್ಯಾಟರಿ ದೀಪ ಇಳಿಬಿಟ್ಟು ನೋಡಿದರು. ತಳದಲ್ಲಿ ನೀಲಿಗಪ್ಪು ಗಸಿ ಬಿಟ್ಟರೆ ಏನೂ ಕಾಣಲಿಲ್ಲ.

ಅಳಿಯ ಏಣಿಯ ಮೆಟ್ಟಿಲುಗಳನ್ನು ಹಿಡಿದು ಇಳಿದ. ಹಗ್ಗ ಮೌನಿಯ ಕೈಯಲ್ಲಿ. ಮೇಸ್ತ್ರಿ ತೊಟ್ಟಿಯ ಬಾಯಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

ಕೆಳಗೆ ತಲುಪಿದ ಅಳಿಯ ಸ್ವಲ್ಪ ಹೊತ್ತು ಕೆರೆದ. ಹಗ್ಗ ಜಗ್ಗಿತು. ಇನ್ನೊಂದು ಹೆಜ್ಜೆ ಇಟ್ಟ, ಮತ್ತೆ ಜಗ್ಗಿತು. ಅವನಿಗೆ ರೇಗಿತು. ಆದರೆ ಎದುರಿಗೆ ಏನೂ ಅನ್ನಬೇಡ ಎಂದು ಮಾವ ಹೇಳಿದ್ದಾರೆ. ಅವನು ಸದ್ದಿಲ್ಲದೆ ಸೊಂಟದ ಗಂಟು ಬಿಚ್ಚಿ ಹಗ್ಗವನ್ನು ಏಣಿಯ ಕೆಳಗಿನ ಮೆಟ್ಟಿಲಿಗೆ ಬಿಗಿದ. ಮೇಲಿನವನಿಗೆ ಬೇಸರವಿಲ್ಲ, ತನಗೂ ಕಾಟವಿಲ್ಲ. ಬಾಯಿಯೊಂದಿದ್ದರೆ ಸಾಲದೇ? ಹಾಡುತ್ತ ಒಳಗಿನ ಮೂಲೆಗೆ ಹೋಗಿ ಗಸಿಗೆ ಸಲಾಕೆ ಹಾಕಿದ.

ಮೇಲೆ ಮೌನಿ ಬೆರಳಿನಿಂದ ಹಗ್ಗ ಒತ್ತಿದ. ಆ ತುದಿಯಲ್ಲಿ ಮೈ ಅಲುಗಿದ ಸುಳಿವಿಲ್ಲ. ಮತ್ತೊಮ್ಮೆ ಒತ್ತಿದ. ಕಲ್ಲಿಗೆ ಕಟ್ಟಿದಂತಿತ್ತು ಹಗ್ಗ.

ಒಳಗಿನಿಂದ ಅಳಿಯನ ದನಿ ಕೇಳುತ್ತಿತ್ತು. "ಮಾವಾ, ಒಂದು ಕತೆ ಕೇಳಿ. ಒಬ್ಬ ಕ್ಷೌರದವನ ಅಂಗಡಿಗೆ ಒಬ್ಬ ಬೋಳುತಲೆಯವನು ಬಂದ. ಬಂದು ಕೂತ."

"ಆಮೇಲೆ?" ಎಂದರು ಮೇಸ್ತ್ರಿ ನಗುತ್ತ.

"ಬಂದು ಕೂತ ಮಾವಾ. ಬೋಳುತಲೆಯವನು. ಬಂದು ಕೂತ."

"ಕೂತ ಕಣೋ, ಮುಂದೆ ಹೇಳು."

"ಅವನು ಬಂದ. ಬೋಳು..." ಒಳಗೆ ದೊಡ್ಡದಾಗಿ ನಗು ಕೇಳಿತು. "ಬಂದು ಕೂತ."

ಮೇಸ್ತ್ರಿಯೂ ನಕ್ಕರು. ತಮ್ಮನ್ನು ಸತಾಯಿಸಲೆಂದು ಹುಡುಗ ಕತೆಯನ್ನು ಎಳೆಯುತ್ತಿದ್ದಾನೆ ಎಂದುಕೊಂಡರು. ದನಿ ಗಟ್ಟಿಯಾಗಿತ್ತು, ಖುಷಿಯಾಗಿತ್ತು. ದನಿ ಇದೆ ಎಂದರೆ ಜೀವ ಇದೆ. ಅಪ್ಪನಿಂದ, ಅಜ್ಜನಿಂದ ಅವರ ಕಿವಿಗೆ ಇಳಿದು ಬಂದ ಪಾಠ ಅದು.

ಮೌನಿ ಎದ್ದು ನಿಂತು ಎರಡೂ ಕೈಯಿಂದ ಹಗ್ಗ ಎಳೆದ. ಅದು ಬರಲಿಲ್ಲ.

"ಮೇಸ್ತ್ರಿ, ಅವನನ್ನ ತೆಗೀಬೇಕು."

"ಯಾಕೆ? ಕತೆ ಹೇಳ್ತಿದಾನಲ್ಲ. ಕೇಳಿಸ್ತಿಲ್ವಾ ನಿನಗೆ?"

"ಕೇಳಿಸ್ತಿದೆ. ಅದಕ್ಕೇ." ಮೌನಿ ಅವರ ತೋಳು ಹಿಡಿದ. ಇಷ್ಟು ದಿನದಲ್ಲಿ ಅವನು ಯಾರನ್ನೂ ಮುಟ್ಟಿದ್ದಿಲ್ಲ. "ನಮ್ಮಲ್ಲಿ ನೆಲದೊಳಗೆ ಯಾರೂ ಮಾತಾಡಲ್ಲ. ಕೆಟ್ಟ ಗಾಳಿ ತಲೆಗೆ ಹೋದವನು ಮಾತಾಡ್ತಾನೆ. ನಗ್ತಾನೆ. ಹೇಳಿದ್ದೇ ಹೇಳ್ತಾನೆ. ನನ್ನ ತಮ್ಮ ನಗ್ತಾ ನಗ್ತಾ ಹೋದ. ಒಳಗಿಂದ ದನಿ ಬಂದ್ರೆ ನಾವು ಎಳೀತೀವಿ. ಹಗ್ಗ ಸತ್ತಿದೆ ಮೇಸ್ತ್ರಿ, ಬಾಯಿ ಮಾತ್ರ ಇದೆ."

ಮೇಸ್ತ್ರಿ ತೊಟ್ಟಿಯ ಕಡೆ ಬಗ್ಗಿದರು. "ಬಂದು ಕೂತ," ಎನ್ನುತ್ತಿತ್ತು ದನಿ, ಎಳೆ ಮಗುವಿನಷ್ಟು ಸಂತೋಷದಿಂದ. ಅವರ ಕಿವಿ ಹುಡುಗ ಚೆನ್ನಾಗಿದ್ದಾನೆ ಎನ್ನುತ್ತಿತ್ತು. ಪಕ್ಕದಲ್ಲಿ ನಿಂತವನು ಆ ದನಿಯೇ ಸಾವು ಎನ್ನುತ್ತಿದ್ದ. ಹುಟ್ಟಿದಾರಭ್ಯ ನಂಬಿದ ಕಿವಿಯನ್ನು ಒಂದೇ ಗಳಿಗೆಯಲ್ಲಿ ಬಿಟ್ಟುಕೊಡುವುದು ಸುಲಭವಲ್ಲ. ಒಮ್ಮೆ ಸುಮ್ಮನೆ ಕೂಗಿ ನೋಡಿದರು.

"ಏಯ್, ನಿನ್ನ ಹೆಂಡತಿಗೆ ಏನಂತ ಹೇಳ್ಲಿ?"

"ಯಾರು?" ಎಂದಿತು ದನಿ. ಮತ್ತೆ ನಗು.

ಮೇಸ್ತ್ರಿ ಎದ್ದರು.

ಬಣ್ಣ ಸಿಂಪಡಿಸುವ ಯಂತ್ರದ ಗಾಳಿ ಪೈಪನ್ನು ಎಳೆದು ತಂದು ತೊಟ್ಟಿಯೊಳಗೆ ಇಳಿಬಿಟ್ಟರು. ಯಂತ್ರ ಗುಂಯ್ ಎನ್ನತೊಡಗಿತು. ಮೌನಿ ತಾನೇ ಇಳಿಯಲು ಹೊರಟ. ಮೇಸ್ತ್ರಿ ಅವನ ಎದೆಗೆ ಕೈ ಇಟ್ಟು ತಡೆದರು.

"ನೀನು ಇಳಿದ್ರೆ ನಿನ್ನ ಹಗ್ಗ ಓದೋರು ಮೇಲೆ ಯಾರಿದಾರೆ? ನನಗೆ ಬರಲ್ಲ. ನೀನು ಹಿಡಿ."

ಮೌನಿ ಇನ್ನೊಂದು ಹಗ್ಗ ತಂದು ಅವರ ಸೊಂಟಕ್ಕೆ ತಾನೇ ಬಿಗಿದ. "ಬಾಯಿ ತೆಗೀಬೇಡಿ. ಉಸಿರು ಮಾತಿಗೆ ಖರ್ಚಾಗಬಾರದು. ನಾನು ಒತ್ತಿದಾಗ ನೀವೂ ಒತ್ತಿ, ಸಾಕು."

ಮೇಸ್ತ್ರಿ ಇಳಿದರು. ಬೆಳಕು ತಲೆಯ ಮೇಲೆ ಒಂದು ತಟ್ಟೆಯಷ್ಟಾಯಿತು. ಪೈಪಿನ ಗಾಳಿ ಕಾಲ ಬಳಿ ಸೀಟಿ ಹಾಕುತ್ತಿತ್ತು. ಮೆಟ್ಟಿಲಿಗೆ ಬಿಗಿದ ಹಗ್ಗ ಕೈಗೆ ತಗುಲಿದಾಗ ಅವರಿಗೆ ಎಲ್ಲ ಅರ್ಥವಾಯಿತು. ಎದುರಿಗೆ ಏನೂ ಅನ್ನಬೇಡ ಎಂದು ತಾವೇ ಹೇಳಿಕೊಟ್ಟ ಮರ್ಯಾದೆ ಆ ಗಂಟಿನಲ್ಲಿತ್ತು. ಬಿಚ್ಚಿ, ಪೈಪನ್ನೂ ಎಳೆದುಕೊಂಡು ಮೂಲೆಗೆ ನಡೆದರು. ಅಳಿಯ ಗೋಡೆಗೆ ಒರಗಿ, ಗಸಿಯಲ್ಲಿ ಕಾಲು ಚಾಚಿ ಕೂತಿದ್ದ. ಕಣ್ಣುಗಳು ತೆರೆದಿದ್ದವು. ಮಾವನನ್ನು ನೋಡಿಯೂ ನೋಡದೆ, ಯಾರಿಗೋ ಕತೆ ಹೇಳುತ್ತಿದ್ದ.

ಸೊಂಟದ ಹಗ್ಗ ಒತ್ತಿತು. ಮೇಸ್ತ್ರಿ ಒತ್ತಿದರು. ಅಳಿಯನ ಕಂಕುಳಿನ ಕೆಳಗೆ ಹಗ್ಗ ಸುತ್ತುವಾಗ ಮನಸ್ಸಿನಲ್ಲೇ ದೇವರನ್ನು ನೆನೆದರು. ಗಂಟು ಹಾಕುತ್ತಿದ್ದಂತೆ ಪಕ್ಕದಲ್ಲಿ ಯಾರೋ ಅದೇ ಪ್ರಾರ್ಥನೆಯನ್ನು ಜೋರಾಗಿ ಹೇಳುತ್ತಿರುವುದು ಕೇಳಿಸಿತು. ತುಂಬ ಇಂಪಾದ ದನಿ. ಕೂತು ಕೇಳೋಣವೆನಿಸಿತು. ದೇವರೇ ಬಂದು ಹೇಳುತ್ತಿರಬಹುದೇ ಎಂದುಕೊಂಡರು. ಆಮೇಲೆ ತಮ್ಮ ತುಟಿ ಅಲುಗುತ್ತಿರುವುದು ತಿಳಿಯಿತು.

ಹಗ್ಗ ಒತ್ತಿತು. ಉತ್ತರಕ್ಕೆ ಕಾಯದೆ ಇನ್ನೊಮ್ಮೆ, ಬಿರುಸಾಗಿ. ಮೇಸ್ತ್ರಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಹಗ್ಗವನ್ನು ಬಲವಾಗಿ ಜಗ್ಗಿದರು.

ಮೇಲೆ ಎರಡೂ ತಂಡದವರು ಒಂದಾಗಿ ಎಳೆದರು. ಮೊದಲು ಅಳಿಯ, ಹಿಂದೆಯೇ ಮೇಸ್ತ್ರಿ. ಬಿಸಿಲಲ್ಲಿ ಮಲಗಿಸಿದಾಗಲೂ ಅಳಿಯನ ಬಾಯಿ ಕತೆ ಹೇಳುತ್ತಲೇ ಇತ್ತು. ಮೇಡಂ ಆಂಬುಲೆನ್ಸಿಗೆ ಫೋನು ಮಾಡುತ್ತ ಅತ್ತಿಂದಿತ್ತ ನಡೆಯುತ್ತಿದ್ದರು. ಮೌನಿ ಮೊಣಕಾಲೂರಿ ಆ ಬಾಯಿಯ ಹತ್ತಿರ ಕಿವಿಯಿಟ್ಟ. ಪದಗಳು ಒಂದೊಂದಾಗಿ ಉದುರಿಹೋದವು. ಕೊನೆಗೆ ಬರಿಯ ತುಟಿ ಅಲುಗಿತು. ಅದೂ ನಿಂತಿತು.

ಮೇಸ್ತ್ರಿಯ ತಂಡದವನೊಬ್ಬ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಮೌನಿ ಮಾತ್ರ ಉದ್ದವಾಗಿ ಉಸಿರು ಬಿಟ್ಟು, ಅಳಿಯನ ಮಣಿಕಟ್ಟನ್ನು ಮೇಸ್ತ್ರಿಯ ಬೆರಳಿಗೆ ಕೊಟ್ಟ.

"ಸುಮ್ಮನಾದ. ಒಳ್ಳೇದು," ಎಂದ.

ಬೆರಳಿನ ಕೆಳಗೆ ತೀರ ಸಣ್ಣಗೆ ಏನೋ ಒತ್ತುತ್ತಿತ್ತು. ಬಿಟ್ಟು ಬಿಟ್ಟು ಒತ್ತುತ್ತಿತ್ತು.

ಮೇಸ್ತ್ರಿಯ ಜೇಬಿನಲ್ಲಿ ಫೋನು ಸದ್ದು ಮಾಡಿತು. ಯಾರು ತಿಳಿಸಿದರೋ, ಮಗಳು.

"ಅಪ್ಪಾ, ಅವರ ಕೈಗೆ ಕೊಡಿ."

"ಇಲ್ಲೇ ಇದಾನಮ್ಮ. ಮೇಲೆ ತಂದ್ವಿ. ಇದಾನೆ."

"ಹಾಗಾದ್ರೆ ಕೊಡಿ. ಒಂದು ಮಾತು ಆಡ್ಲಿ. ಬೈದ್ರೂ ಸರಿ."

"ಈಗ ಮಾತಾಡಲ್ಲ ಮಗಳೇ. ಮಾತಾಡ್ತಿಲ್ಲ, ಅದಕ್ಕೇ..." ಮೇಸ್ತ್ರಿ ಮುಂದಿನ ಪದಕ್ಕಾಗಿ ಹುಡುಕಿದರು. ತಮಗೆ ಈಗಷ್ಟೇ ಅರೆಬರೆ ತಿಳಿದದ್ದನ್ನು ಅವಳಿಗೆ ಹೇಗೆ ದಾಟಿಸುವುದೆಂದು ಹೊಳೆಯಲಿಲ್ಲ.

ಆ ಕಡೆ ಮಗಳು ಅಳಲಿಲ್ಲ, ಕೂಗಲಿಲ್ಲ. ಹಿಂದೊಮ್ಮೆ ಗೋಡೆಯ ಕಡೆ ತಿರುಗಿ ಕೂತಾಗ ಅವಳು ಹೀಗೇ ಇದ್ದಳು. ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯ ಬೆರಳನ್ನು ಅಳಿಯನ ಮಣಿಕಟ್ಟಿನಿಂದ ತೆಗೆಯದೆ, "ಬಿಡಬೇಡ ಕಣಮ್ಮ, ಫೋನು ಇಡಬೇಡ," ಎನ್ನುತ್ತಲೇ ಇದ್ದರು. ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ.