ಬಾಗಿಲ ಮುಂದಿನ ಚಪ್ಪಲಿ

ನಮ್ಮ ಯಜಮಾನನಿಗೆ ನಾವಿಟ್ಟ ಹೆಸರು ಆಮೇಲಪ್ಪ. ಏನು ಕೇಳಿದರೂ ಆಮೇಲೆ ನೋಡೋಣ ಎನ್ನುವವನಿಗೆ ಇನ್ನೇನು ಹೆಸರಿಡುತ್ತೀರಿ? ಮೀನಿಡುವ ಕೋಲ್ಡ್ ರೂಮಿನ ಬಾಗಿಲಿಗೆ ಒಳಗಡೆ ಇದ್ದ ಹಿಡಿ ಮುರಿದುಬಿದ್ದಾಗಲೂ ಅದನ್ನೇ ಅಂದ. ಆ ಹಿಡಿ ಇಲ್ಲದಿದ್ದರೆ, ಹೊರಗಿನಿಂದ ಚಿಲಕ ಬಿದ್ದಾಗ ಒಳಗಿದ್ದವರು ತಾವಾಗಿ ಹೊರಗೆ ಬರುವಂತಿಲ್ಲ. ಹೇಳಿ ಹೇಳಿ ನಮಗೆ ಬಾಯಿ ನೋವು ಬಂತೇ ಹೊರತು ಹಿಡಿ ಬರಲಿಲ್ಲ.

ಕೊನೆಗೆ ಕೆಲಸದವರೇ ಒಂದು ಉಪಾಯ ಮಾಡಿಕೊಂಡೆವು. ಒಳಗೆ ಹೋಗುವವರು ಗಮ್‌ಬೂಟು ಹಾಕಿಕೊಂಡು ತಮ್ಮ ಚಪ್ಪಲಿಯನ್ನು ಬಾಗಿಲ ಮುಂದೆಯೇ ಬಿಡಬೇಕು. ಚಪ್ಪಲಿ ಕಂಡರೆ ಯಾರೂ ಚಿಲಕ ಹಾಕುವಂತಿಲ್ಲ. ಯಜಮಾನನಿಗೂ ಹೇಳಿದೆವು, ತಲೆಯಾಡಿಸಿದ.

ಆವತ್ತು ದೊಡ್ಡ ವ್ಯಾಪಾರಿಗಳು ನೋಡಲು ಬರುವವರಿದ್ದರು. ನೆಲ ತೊಳೀರಿ, ಬುಟ್ಟಿ ಜೋಡಿಸಿ ಎಂದು ಆಮೇಲಪ್ಪ ಬೆಳಗಿನಿಂದ ನಮ್ಮ ಪ್ರಾಣ ತಿಂದ. ಒಂದು ಕಡ್ಡಿಯನ್ನೂ ಎತ್ತಿಡದ ಮನುಷ್ಯ ಆವತ್ತು ತಾನೂ ಕೈ ಹಾಕಿದ. ಬಾಗಿಲ ಮುಂದಿದ್ದ ಚಪ್ಪಲಿ ಅಸಹ್ಯವಾಗಿ ಕಂಡಿತಂತೆ. ಅದನ್ನೆತ್ತಿ ಸ್ಟ್ಯಾಂಡಿನಲ್ಲಿ ನೀಟಾಗಿ ಇಟ್ಟು, ಚಿಲಕ ಹಾಕಿ ಹೋದ. ನಾನು ಮೀನು ತೊಳೆಯುವ ಮೇಜಿನ ಹತ್ತಿರ ಇದ್ದೆ, ನೋಡಲಿಲ್ಲ.

ಬಂದವರು ಹೊಗಳಿ ಹೋದರು. ಟೀ ಹೊತ್ತಿಗೆ, ನನ್ನ ಜೊತೆಗೇ ಅಲ್ಲಿ ಕೆಲಸ ಮಾಡುತ್ತಿದ್ದ ನನ್ನ ತಂಗಿ ಕಾಣಲಿಲ್ಲ. ಎಲ್ಲರಿಗಿಂತ ಮೊದಲು ಲೋಟ ಹಿಡಿದು ನಿಲ್ಲುವವಳು. ಎಲ್ಲಿ ಸತ್ತಳೋ ಎಂದು ಬೈದುಕೊಂಡೇ ಹುಡುಕಿದೆ. ಹಾಗಂದ ನನ್ನ ನಾಲಿಗೆ ಬಿದ್ದುಹೋಗಲಿ. ಸ್ಟ್ಯಾಂಡಿನಲ್ಲಿ ಅವಳ ನೀಲಿ ಪಟ್ಟಿಯ ಚಪ್ಪಲಿ ಕಂಡಿತು. ನಮ್ಮಲ್ಲಿ ಯಾರೂ ಅಲ್ಲಿ ಚಪ್ಪಲಿ ಇಡುವುದಿಲ್ಲ.

ಓಡಿಹೋಗಿ ಬಾಗಿಲು ತೆಗೆದೆ. ಬಾಗಿಲಿಗೇ ಒರಗಿ ಕೂತಿದ್ದವಳು ನನ್ನ ಕಾಲ ಮೇಲೆ ಬಿದ್ದಳು. ಹಿಡಿ ಇದ್ದ ಜಾಗದ ಎರಡು ತೂತುಗಳ ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಕೈಗವಸು ಬಿಚ್ಚಿ ಉಗುರಿನಿಂದ ಕೆರೆದಿದ್ದಳು. ಬೆರಳುಗಳು ಬಿಳಿಚಿ ಮರಗಟ್ಟಿದ್ದವು.

"ಅಕ್ಕಾ, ನಾನು ಚಪ್ಪಲಿ ಹೊರಗೇ ಬಿಟ್ಟಿದ್ದೆ," ಅಂದಳು.

ನಾನು ಬೈತೀನಿ ಎಂಬ ಹೆದರಿಕೆ ಅವಳಿಗೆ ಆಗಲೂ.

ಜೀವವೇನೋ ಉಳಿಯಿತು. ಆಸ್ಪತ್ರೆಯಲ್ಲಿ ಬಲಗೈಯ ಎರಡು ಬೆರಳು ತೆಗೆದರು.

ಅವಳ ಚಪ್ಪಲಿ ತರಲು ಹೋದಾಗ ಬಾಗಿಲ ಮೇಲೆ ಹೊಸ ಬೋರ್ಡು ಕಂಡಿತು. ಯಜಮಾನ ಕೆಂಪು ಅಕ್ಷರದಲ್ಲಿ 'ಚಪ್ಪಲಿ ಮುಟ್ಟಬಾರದು' ಎಂದು ಬರೆಸಿದ್ದ. ಬಾಗಿಲು ತೆಗೆದು ಒಳಗಡೆ ನೋಡಿದೆ. ಹಿಡಿ ಇರಲಿಲ್ಲ, ರಕ್ತ ಮಾತ್ರ ಒರೆಸಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈ ಮಹಾನುಭಾವ ಅದನ್ನೂ ಹಾಕಿರಲಿಲ್ಲ.

ಆಮೇಲಪ್ಪ ಹಿಂದಿನಿಂದ ಬಂದು, ಬೋರ್ಡು ಹಾಕಿಸಿದ್ದೀನಲ್ಲಮ್ಮ, ಇನ್ನು ಯಾರಿಗೂ ಏನೂ ಆಗಲ್ಲ ಎಂದು ಸಮಾಧಾನ ಹೇಳಿದ. ನಾನು ಬಾಗಿಲನ್ನು ಪೂರ್ತಿ ತೆರೆದು ಹಿಡಿದೆ.

"ಹಾಗಾದ್ರೆ ಬೂಟು ಇಲ್ಲೇ ಬಿಟ್ಟು ಒಳಗೆ ಹೋಗಿ ಸಾರ್. ಚಿಲಕ ನಾನು ಹಾಕ್ತೀನಿ."

ಅವನು ನನ್ನ ಮುಖ ನೋಡಿದ, ಬೋರ್ಡು ನೋಡಿದ. "ಆಮೇಲೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅಷ್ಟು ಹೊತ್ತಿಗೆ ಕೆಲಸದವರೆಲ್ಲ ಮೇಜು ಬಿಟ್ಟು ಬಂದು ಅವನ ಕಾಲನ್ನೇ ನೋಡುತ್ತ ನಿಂತಿದ್ದರು. ಬೂಟು ಕಾಲಿನಲ್ಲೇ ಇತ್ತು.